ನೀಲಿ ಬಕೆಟ್ ಎತ್ತಿ ನೋಡಿ

ರೀ,

ನಾನು ಬೆಳಗಿನ ಪಾಳಿಗೆ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೀನಿ. ತಿಂದಮೇಲೆ ಬಚ್ಚಲಿಗೆ ಹೋಗಿ ನೀಲಿ ಬಕೆಟ್ ಎತ್ತಿ ನೋಡಿ.

ನೋಡಿದ್ರಾ? ನಿನ್ನೆ ಟವೆಲ್ ನೆನೆಸುವಾಗ ಅಡುಗೆ ಸೋಡಾ ಚೆಲ್ಲಿಹೋಯ್ತು. ದಂಡ ಯಾಕೆ ಮಾಡೋದು ಅಂತ ಹಳೇ ಬ್ರಷ್‌ನಲ್ಲಿ ಆ ಮೂಲೆಯ ಟೈಲ್ಸ್ ಸಂದಿ ಉಜ್ಜಿದೆ. ಅಪ್ಪಟ ಬಿಳಿ. ಏಳು ವರ್ಷದಿಂದ ಬಂದವರಿಗೆಲ್ಲ "ಸಂದಿಗೆ ಈ ಕಾಫಿ ಬಣ್ಣ ನಾನೇ ಆರಿಸಿದ್ದು" ಅಂತ ಕೊಚ್ಕೊಂಡಿದ್ದೀರಲ್ಲ, ನೀವು ಆರಿಸಿದ್ದು ಬಿಳೀನೇ. ಕಾಫಿ ಮಾಡಿದ್ದು ನಮ್ಮ ಕೊಳೆ. ಅದೂ ಬಣ್ಣದ ಅಂಗಡಿ ಇಟ್ಟವರ ಮನೇಲಿ.

ಸಂಜೆ ನಿಮ್ಮಕ್ಕ ಬರ್ತಾರೆ. ಆ ಒಂದು ಮೂಲೆ ಮಾತ್ರ ಬಿಳಿ ಇರೋದು ಅವರ ಕಣ್ಣಿಗೆ ಬಿದ್ದರೆ ಊರಿಗೆಲ್ಲ ಡಂಗೂರ ಸಾರ್ತಾರೆ. ಇವತ್ತು ಅಂಗಡಿಗೆ ರಜೆ ತಾನೆ, ಅಷ್ಟರಲ್ಲಿ ಉಳಿದದ್ದನ್ನೂ ಬಿಳಿ ಮಾಡಿಬಿಡಿ.

ಸೋಡಾನ ನೀರಲ್ಲಿ ಗಟ್ಟಿಯಾಗಿ ಕಲಸಿ, ಸಂದಿಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ. ಕಪಾಟಿನಲ್ಲಿರೋ ಬಾಟಲಿಗಳನ್ನ ಅಂಗಡೀಲಿ ಬಣ್ಣ ಬೆರೆಸೋ ಹಾಗೆ ಒಂದಕ್ಕೊಂದು ಬೆರೆಸೋಕೆ ಹೋಗಬೇಡಿ, ಆ ಘಾಟಿಗೆ ಅಲ್ಲೇ ಬಿದ್ದುಬಿಡ್ತೀರಿ. ಹಸಿರು ಬ್ರಷ್ ಮುಟ್ಟಬೇಡಿ, ಅದರಲ್ಲಿ ನಾನಿನ್ನೂ ಹಲ್ಲುಜ್ಜಬೇಕು.

ಮುಖ ಸಣ್ಣ ಮಾಡ್ಕೋಬೇಡಿ. ಆ ಬಣ್ಣಕ್ಕೇ ಹೊಂದಲಿ ಅಂತ ಮೂರು ಅಂಗಡಿ ಸುತ್ತಿ ಕಾಫಿ ಬಣ್ಣದ ಮಗ್ಗು, ಪರದೆ ತಂದೋಳು ನಾನೇ.

ನಿಮ್ಮಕ್ಕ ಕೇಳಿದರೆ, ಹಳೇ ಬಣ್ಣ ಬೇಜಾರಾಗಿ ಬದಲಾಯಿಸಿದೆ ಅಂತ ಹೇಳಿ. ನಾನೂ ಹೌದು ಹೌದು ಅಂತೀನಿ. ಹೇಳುವಾಗ ನನ್ನ ಮುಖ ಮಾತ್ರ ನೋಡಬೇಡಿ.