ಕೆಂಗೇರಿಯ ಕಡೆಗೆ ಬೇರು

ಮೂಡಲಪಾಳ್ಯ
೨೧ ಮೇ ೨೦೨೫, ಬುಧವಾರ ಮಧ್ಯಾಹ್ನ

ನೆರೆದಿರುವ ಮಹಾಜನಗಳೇ! ಮುಂದಿನ ಸಾಲಿನ ಹಿರಿಯರೇ, ಚಾಪೆ ಹಾಸಿ ಕುಳಿತ ತಾಯಂದಿರೇ, ಕಾಂಪೌಂಡಿನ ಮೇಲೆ ಹತ್ತಿರುವ ಪಡ್ಡೆಗಳೇ, ಸದ್ದು! ಪರದೆ ಏಳುವ ಹೊತ್ತಾಯಿತು!

ಇಷ್ಟು ಬರೆದ ಮೇಲೆ ನೆನಪಾಯಿತು ಲಕ್ಷ್ಮೀ, ಇದನ್ನು ಓದುವವಳು ನೀನೊಬ್ಬಳೇ ಎಂದು. ಮೂವತ್ತು ವರ್ಷ ಬಣ್ಣ ಹಚ್ಚಿದವನ ಕೈಗೆ ಪೆನ್ನು ಬಂದರೂ ಎದುರಿಗೆ ಜನಜಾತ್ರೆಯೇ ಕಾಣುತ್ತದೆ. ಆ ಸಾಲುಗಳನ್ನು ಹೊಡೆದುಹಾಕುವುದಿಲ್ಲ. ಧೈರ್ಯಕ್ಕೆ ಇರಲಿ.

ಚಿ. ಸೌ. ಲಕ್ಷ್ಮಿದೇವಮ್ಮನಿಗೆ ಮರಿಯಪ್ಪನ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ. ಬಾಣಂತಿ ಬಿಂದು, ಅಳಿಯಂದಿರು, ಹದಿನೆಂಟು ದಿನದ ನನ್ನ ಮೊಮ್ಮಗ, ಎಲ್ಲರೂ ಅಲ್ಲಿ ಕೆಂಗೇರಿಯಲ್ಲಿ ಕ್ಷೇಮವೆಂದು ನಂಬಿದ್ದೇನೆ. ತಡವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ಭಾನುವಾರದಿಂದ ನೀನು ಮೂರು ಸಲ ಫೋನ್ ಮಾಡಿ, “ಶುಕ್ರವಾರ ಮಗೂನ ಕರ್ಕೊಂಡು ಬರ್ತೀವಿ, ಅಟ್ಟದ ಮೇಲಿರೋ ತೊಟ್ಟಿಲು ಇಳಿಸಿದ್ರಾ ಇಲ್ವಾ?” ಎಂದು ಕೇಳಿದೆ. ನಾನು ಹೂಂ ಹೂಂ ಎಂದೆ. ಹೇಳಬೇಕಾದದ್ದು ಗಂಟಲಲ್ಲೇ ಇತ್ತು. ಆದರೆ ನನ್ನ ಗಂಟಲು ನಿನಗೆ ಗೊತ್ತಲ್ಲ! ಮೈಕು ಕೆಟ್ಟ ದಿನವೂ ಕೊನೆಯ ಸಾಲಿಗೆ ಮುಟ್ಟಿದ ಗಂಟಲು. ಫೋನಿನಲ್ಲಿ ಗುಟ್ಟು ಹೇಳಿದರೆ ಪಕ್ಕದಲ್ಲಿ ಮಲಗಿರುವ ಬಾಣಂತಿಗೇ ಮೊದಲು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಸಂಜೆ ಕೆಂಗೇರಿ ಕಡೆ ಹೋಗುವ ನಮ್ಮಣ್ಣನ ಮಗ ಭೈರೇಶನ ಕೈಯಲ್ಲಿ ಕಳಿಸುತ್ತೇನೆ. ಕನ್ನಡಕ ಹಾಕಿಕೊಂಡು ನೀನೇ ಓದು, ಬಿಂದುವಿನ ಕೈಲಿ ಓದಿಸಬೇಡ.

ಮೊದಲು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಶುಕ್ರವಾರ ಮಗುವನ್ನು ಈ ಮನೆಗೆ ಕರೆತರಬೇಡ.

ಕಾರಣ ಮಹಡಿಯ ಮೇಲಿದೆ. ನಾಮಕರಣಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಡೋಣವೆಂದು ನಾನು ಬೇರು ಬರಿಸಿದ ಮುನ್ನೂರ ಹನ್ನೆರಡು ದೇವಕಣಗಿಲೆ ಸಸಿಗಳು.

ಯುಗಾದಿಗೆ ಒಂದು ವಾರ ಮುಂಚೆ ಕೊಂಬೆಗಳನ್ನು ಲಗೇಜ್ ಆಟೋದಲ್ಲಿ ತುಂಬಿಕೊಂಡು ಬಂದಾಗ ನೀನು ಏನಂದೆ, ನೆನಪಿದೆಯೇ? “ಅಲ್ರೀ, ಮಗೂಗೆ ಹೆಸರಿಡೋ ದಿನ ಯಾರಾದ್ರೂ ದೇವಕಣಗಿಲೆ ಕೊಡ್ತಾರಾ? ಸಮಾಧಿ ಮೇಲೆ ಹಾಕೋ ಗಿಡ ಅದು!” ನಾನು ತೋಳೆತ್ತಿ, “ದೇವಸ್ಥಾನದಲ್ಲೂ ಇರುತ್ತೆ ಕಣೇ! ಕೃಷ್ಣಯ್ಯನ ದೇವಸ್ಥಾನದ ಹಿತ್ತಲಲ್ಲಿ ಕಡಿದುಹಾಕ್ತಿದ್ರು, ತುಂಬ್ಕೊಂಡು ಬಂದೆ” ಎಂದೆ. ಈಗ ಆ ದೇವಸ್ಥಾನ ನೋಡಿಕೊಳ್ಳುವ ನಮ್ಮ ಹಳೆಯ ಹಾರ್ಮೋನಿಯಂ ಮೇಷ್ಟ್ರ ಹೆಸರು ಕೇಳಿ ನೀನು ಒಪ್ಪಿಕೊಂಡೆ.

ಆಮೇಲಿನದು ನಿನ್ನ ಕಣ್ಣೆದುರೇ ನಡೆಯಿತು. ಮೊಳದುದ್ದ ಕತ್ತರಿಸಿ, ಎಲೆ ತೆಗೆದು, ಹಾಲು ಸುರಿಯುವ ತುದಿಗಳನ್ನು ಮೆಟ್ಟಿಲ ಕೆಳಗಿನ ನೆರಳಲ್ಲಿ ಏಳು ದಿನ ಒಣಗಲು ಬಿಟ್ಟೆ. ಆ ಗಾಯ ಒಣಗದೆ ನೆಟ್ಟರೆ ಕೊಳೆಯುತ್ತದೆ. ಕಲ್ಯಾಣ ಮಂಟಪದಿಂದ ತಂದ ಜ್ಯೂಸ್ ಲೋಟಗಳನ್ನು ತೊಳೆದು ತಳಕ್ಕೆ ತೂತು ಮಾಡಿದೆ. ಪಕ್ಕದ ತಾರಸಿಯಿಂದ ಗಂಗಲಕ್ಷ್ಮಮ್ಮ, “ಏನಣ್ಣ, ರಾಜನ ಪಾರ್ಟು ಮಾಡ್ತಿದ್ದೋರು ಈಗ ಲೋಟ ತೊಳೆಯೋ ಪಾರ್ಟಿಗೆ ಬಂದ್ರಾ?” ಎಂದು ಕಿಸಕ್ಕನೆ ನಕ್ಕಳು. “ಪಾರ್ಟು ಚಿಕ್ಕದಾದರೇನಮ್ಮ, ನಟ ದೊಡ್ಡವನು!” ಎಂದೆ. ದಪ್ಪ ಮರಳು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ನೆಟ್ಟ ದಿನ ಒಮ್ಮೆ ನೀರು, ಆಮೇಲೆ ಹತ್ತು ದಿನ ಹನಿಯೂ ಇಲ್ಲ. ಲೋಟ ಪಾರದರ್ಶಕವಾಗಿದ್ದರೆ ಅಗೆದು ನೋಡದೆಯೇ ಬೇರು ಕಾಣುತ್ತದೆ. ಎಷ್ಟೇ ಚೆನ್ನಾಗಿ ಮಾಡಿದರೂ ನೂರಕ್ಕೆ ಇಪ್ಪತ್ತು ಮೂವತ್ತು ಕೊಳೆತೇ ಹೋಗುತ್ತವೆ. ಉಳಿದವು ಬೇರು ಬಿಡಲು ನಲವತ್ತು ದಿನವಾದರೂ ಬೇಕು.

ಇಪ್ಪತ್ತನೇ ದಿನಕ್ಕೆ ಎಲ್ಲವೂ ಬೇರು ಬಿಟ್ಟವು. ಒಂದೇ ಒಂದು ಕೊಳೆಯಲಿಲ್ಲ. ನೀನು ಸೊಂಟದ ಮೇಲೆ ಕೈಯಿಟ್ಟುಕೊಂಡು, “ನಿಮ್ಮ ಕೈಗುಣ ಅಲ್ಲಾರೀ, ದಿನಾ ಬೆಳಿಗ್ಗೆ ಹತ್ತಿ ಬಂದು ನೋಡ್ತೀನಲ್ಲ, ನನ್ನ ಕಣ್ಣಿನ ಗುಣ” ಎಂದು ಹೆಮ್ಮೆಪಟ್ಟೆ.

ನೀನು ನೋಡದ ಒಂದನ್ನು ನಾನು ಅಂದೇ ನೋಡಿದೆ. ಪ್ರತಿ ಲೋಟದಲ್ಲೂ ಐದೇ ಬೇರು. ಬಿಳಿಯ, ಗಿಡ್ಡನೆಯ, ತುದಿ ದುಂಡಗಿರುವ ಐದು ಬೇರು. ಐದೂ ಒಂದೇ ಪಕ್ಕಕ್ಕೆ ಬಂದು ಪ್ಲಾಸ್ಟಿಕ್ಕಿಗೆ ಒತ್ತಿಕೊಂಡಿದ್ದವು, ಕಿಟಕಿಯ ಗಾಜಿಗೆ ಯಾರೋ ಅಂಗೈ ಊರಿದ ಹಾಗೆ. ಆ ಪಕ್ಕ ಮೆಟ್ಟಿಲಿನದು. ನೀನು ಹತ್ತಿ ಬರುವ ಮೆಟ್ಟಿಲು.

ಬೇರು ಬೆಳಕಿಗೆ ಬೆನ್ನು ಹಾಕುತ್ತದೆ, ಅಲ್ಲಿ ನೆರಳಿದೆ ಎಂದುಕೊಂಡೆ. ಲೋಟ ಜೋಡಿಸಿದ್ದ ಟ್ರೇಗಳನ್ನೆಲ್ಲ ತಿರುಗಿಸಿಟ್ಟೆ. ನಾಲ್ಕು ದಿನಕ್ಕೆ ಹಳೆಯ ಬೇರು ಕಂದಿ, ಮೆಟ್ಟಿಲ ಕಡೆಗೆ ಹೊಸದಾಗಿ ಐದು ಬಂದವು. ಸುತ್ತ ಪೇಪರ್ ಸುತ್ತಿ ಕತ್ತಲು ಮಾಡಿದೆ. ಬಿಚ್ಚಿ ನೋಡಿದರೆ ಅದೇ ಐದು, ಅದೇ ಕಡೆ. ನಿನಗೆ ಹೇಳಲಿಲ್ಲ. ಬಿಂದುವಿಗೆ ದಿನ ತುಂಬಿತ್ತು, ಡಾಕ್ಟರು ಅವಳನ್ನು ಓಡಾಡಿಸಬೇಡಿ ಅಂದಿದ್ದರು, ನೀನು ಕೆಂಗೇರಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ.

ನೀನು ಹೊರಟ ಐದನೇ ದಿನ ಮಹಡಿ ಹತ್ತಿದವನು ಮೆಟ್ಟಿಲ ಮೇಲೇ ಕುಳಿತುಬಿಟ್ಟೆ ಲಕ್ಷ್ಮೀ. ನನ್ನ ಕಡೆ ಒಂದು ಬೇರೂ ಇರಲಿಲ್ಲ. ಮುನ್ನೂರ ಹನ್ನೆರಡು ಲೋಟಗಳೂ ನೀರಿನ ಟ್ಯಾಂಕಿನ ಮೂಲೆಗೆ ತಿರುಗಿದ್ದವು. ಅತ್ತ ನೋಡಲು ಏನೂ ಇಲ್ಲ. ಟ್ಯಾಂಕು, ಅದರಾಚೆ ಖಾಲಿ ಆಕಾಶ.

ಚಂದ್ರಾ ಲೇಔಟಿನ ವೆಂಕಟಗಿರಿ ಮೇಷ್ಟ್ರನ್ನು ಕರೆತಂದೆ. ಮೂವತ್ತೈದು ವರ್ಷ ವಿಜ್ಞಾನ ಪಾಠ ಮಾಡಿದವರು, ದೆವ್ವ ಎಂದರೆ ನಗುವವರು. ಲೋಟ ಎತ್ತಿ ಬಿಸಿಲಿಗೆ ಹಿಡಿದು, “ಏನ್ ಮರಿಯಪ್ಪನವರೇ, ನೀರು ಒಂದೇ ಕಡೆ ಹಾಕ್ತೀರಿ ನೀವು, ಅಷ್ಟೇ. ಎರಡು ಕೊಡಿ, ನಮ್ಮನೇಲಿಟ್ಟು ತೋರಿಸ್ತೀನಿ” ಎಂದು ಒಯ್ದರು. ವಾರದ ಮೇಲೆ ಅವರೇ ಬಂದರು. ಲೋಟಗಳನ್ನು ನಮ್ಮ ಗೇಟಿನ ಬಳಿ ನೆಲದ ಮೇಲಿಟ್ಟರು, ಒಳಗೆ ಬರಲಿಲ್ಲ.

“ಫೋನಲ್ಲಿ ದಿಕ್ಸೂಚಿ ಇಟ್ಟು ನೋಡ್ದೆ ಸಾರ್” ಎಂದರು. ನನ್ನನ್ನು ಅವರು ಸಾರ್ ಎಂದದ್ದು ಅದೇ ಮೊದಲು. “ನಮ್ಮನೇಲೂ ನೈಋತ್ಯಕ್ಕೇ ತಿರುಗಿವೆ. ಬೀರು ಒಳಗಿಟ್ಟೆ, ಬಾಗಿಲು ಹಾಕ್ದೆ. ಅದೇ ನೈಋತ್ಯ. ಆ ಕಡೆ ನಿಮ್ಮೋರು ಯಾರಾದ್ರೂ ಇದಾರಾ?”

ಲಕ್ಷ್ಮೀ, ಇಲ್ಲಿಂದ ನೈಋತ್ಯಕ್ಕೆ ಕೆಂಗೇರಿ.

ಇನ್ನೂ ಅನುಮಾನ ಉಳಿಯಬಾರದೆಂದು ಅನ್ನಪೂರ್ಣೇಶ್ವರಿ ನಗರಕ್ಕೆ ನಡೆದೇ ಹೋದೆ. ನಿನ್ನ ಭಜನೆ ಗೆಳತಿ ಅನಂತಲಕ್ಷ್ಮಿಗೆ ನೀನೇ ಒಂದು ಸಸಿ ಕೊಟ್ಟಿದ್ದೆಯಲ್ಲ? ಅವರು ಕಾಫಿ ಕೊಟ್ಟು, “ಇದೇನ್ ಗಿಡಾನಪ್ಪಾ, ದಿನಾ ಸರಿಯಾಗಿ ಕೂರಿಸ್ತೀನಿ, ಮೊಂಡು ಮಗೂ ಥರ ಮತ್ತೆ ಬಾಗಿಲ ಕಡೆ ತಿರುಗುತ್ತೆ!” ಎಂದು ನಗುತ್ತಲೇ ಹೇಳಿದರು. ಅವರ ಮನೆಯಲ್ಲಿ ಬಾಗಿಲು ಇರುವುದು ದಕ್ಷಿಣಕ್ಕೆ. ಅಲ್ಲಿಂದ ಕೆಂಗೇರಿ ದಕ್ಷಿಣಕ್ಕೇ ಬೀಳುತ್ತದೆ. ಕಾಫಿ ಲೋಟ ಹಾಗೇ ಇಟ್ಟು ಎದ್ದು ಬಂದೆ.

ಇಷ್ಟಾದರೂ ನಾನು ಧೈರ್ಯ ಬಿಟ್ಟಿರಲಿಲ್ಲ. ಗದೆ ಹೊತ್ತು ಮೆರೆದ ಎದೆ ಇದು! ಬಿಟ್ಟದ್ದು ನಿನ್ನೆ.

ಮೊನ್ನೆ ಹಗಲು ಎರಡು ಗಂಟೆಗೆ ಬಿಂದು ಮಗುವಿನ ಅಳುವನ್ನು ರೆಕಾರ್ಡ್ ಮಾಡಿ ವಾಟ್ಸಪ್ಪಿಗೆ ಕಳಿಸಿದ್ದಳು, “ಅಪ್ಪಾ, ನಿಮ್ಮ ಗಂಟಲೇ ಬಂದಿದೆ ನೋಡಿ” ಎಂದು. ನಾನು ಮಹಡಿಯ ಮೇಲಿದ್ದೆ. ಖುಷಿಗೆ ದೊಡ್ಡದಾಗಿ ಹಾಕಿ ಮೂರು ಸಲ ಕೇಳಿದೆ. ಸಸಿಗಳ ನೆರಳಿಗೆ ಕಟ್ಟಿದ್ದ ಹಸಿರು ಬಲೆಯ ಕೆಳಗೆ ಗಾಳಿ ಇರಲಿಲ್ಲ. ಗಂಗಲಕ್ಷ್ಮಮ್ಮನ ಮಿಕ್ಸಿ ನಿಂತಿತ್ತು. ಆಗ ಏನೂ ಆಗಲಿಲ್ಲ. ಆದರೆ ನಾಟಕದಲ್ಲಿ ಮಾತು ಮರೆತಾಗ ಇಡೀ ಸಭೆ ಉಸಿರು ಹಿಡಿಯುತ್ತದಲ್ಲ, ಅಂಥ ನಿಶ್ಶಬ್ದ ನನ್ನ ಬೆನ್ನ ಹಿಂದೆ ಇತ್ತು.

ನಿನ್ನೆ ಬೆಳಿಗ್ಗೆ ಹೋಗಿ ನೋಡಿದರೆ ಪ್ರತಿ ಕಡ್ಡಿಯಲ್ಲೂ ನಾನು ಎಲೆ ಚಿವುಟಿದ್ದ ಜಾಗದಲ್ಲಿ ಒಂದೊಂದು ಹನಿ ಹಾಲು. ಎರಡು ತಿಂಗಳ ಹಿಂದೆ ಒಣಗಿ ತೊಗಟೆ ಕಟ್ಟಿದ ಗಾಯಗಳು! ಕೆಲವದರಲ್ಲಿ ಹನಿ ಜಾರಿ ಲೋಟದ ಹೊರಮೈ ಮೇಲೆ ಗೆರೆಯಾಗಿತ್ತು. ನಾನು ಬಟ್ಟೆ ತಂದು ಒರೆಸಿದೆ. ಹೌದು, ಮುನ್ನೂರನ್ನೂ ಒರೆಸಿದೆ. ಯಾಕೆ ಎಂದು ಕೇಳಬೇಡ. ಮಗು ಬಾಯಿಂದ ಹಾಲು ಕಕ್ಕಿದರೆ ಕೈ ತಾನಾಗಿ ಹೋಗುತ್ತದಲ್ಲ, ಹಾಗೆ. ಒರೆಸಿ ಕೆಳಗಿಳಿದವನು ಮಹಡಿಯ ಬಾಗಿಲಿಗೆ ಚಿಲಕ ಹಾಕಿಬಿಟ್ಟೆ.

ಆದ್ದರಿಂದ ಹೇಳುತ್ತಿದ್ದೇನೆ. ಒಂದು ಮಗುವಿನ ಅಳು ಕೇಳಿಯೇ ಹಾಲು ಇಳಿಸಿದ ಈ ಗಿಡಗಳ ಕೆಳಗೆ ನಮ್ಮ ಮೊಮ್ಮಗನ ತೊಟ್ಟಿಲು ಕಟ್ಟಲಾರೆ. ನಾಮಕರಣಕ್ಕೆ ಇವನ್ನು ಹಂಚಲೂ ಆರೆ. ಬೀಗರಿಗೆ ಏನಾದರೊಂದು ನೆಪ ಹೇಳು: ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ, ವಾಸನೆ ಮಗುವಿಗೆ ಆಗದು ಎಂದು. ಬಿಂದುವಿಗೆ ತಲೆಗೆ ಬಟ್ಟೆ ಕಟ್ಟದೆ ಹೊರಗೆ ಬರಬಾರದೆಂದು ಹೇಳು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಮೊಮ್ಮಗ ನೂರು ವರ್ಷ ಬಾಳಲಿ. ಅವನ ದನಿ ನನ್ನದಕ್ಕಿಂತ ದೂರ ಹೋಗಲಿ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ಇಂತು ನಿನ್ನ,
ಮರಿಯಪ್ಪ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಿಸಿಟ್ಟು ಅರ್ಧ ಗಂಟೆ ಕುಳಿತಿದ್ದೆ, ಮತ್ತೆ ಬಿಚ್ಚಿದೆ.

ಆ ಕೊಂಬೆಗಳು ಕೃಷ್ಣಯ್ಯನ ದೇವಸ್ಥಾನದವಲ್ಲ ಲಕ್ಷ್ಮೀ. ನಮ್ಮ ಮಧುವಿನ ಮೇಲೆ ನೆಟ್ಟ ಮರದವು.

ನಲವತ್ತು ವರ್ಷದ ಹಿಂದೆ, ಒಂಬತ್ತು ತಿಂಗಳ ಮಧುಕುಮಾರನನ್ನು ನಿನ್ನ ಮಡಿಲಿಂದ ಎತ್ತಿಕೊಂಡು ಹೋದವನು ನಾನು. ಅಣ್ಣ ಗುದ್ದಲಿ ಹಿಡಿದಿದ್ದ. ಹೊಲದ ಬದುವಿನಲ್ಲಿ ಮಲಗಿಸಿ, ಹಾಲು ಹೊಯ್ದು, ಗುರುತಿಗೆಂದು ಒಂದು ದೇವಕಣಗಿಲೆ ಕಡ್ಡಿ ಚುಚ್ಚಿ ಬಂದೆವು. ಹೆಂಗಸರು ಅಲ್ಲಿಗೆ ಬರುವಂತಿಲ್ಲ. ನಮ್ಮವ್ವ ಮುನಿತಾಯಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದು, “ಜಾಗ ಎಲ್ಲಿ ಅಂತ ಅವ್ಳಿಗೆ ಜಪ್ಪಯ್ಯ ಅಂದ್ರೂ ಹೇಳ್ಬ್ಯಾಡ ಕಣ್ಲಾ. ತಾಯಿ ಹೋಗಿ ಅತ್ರೆ ಮಗ ಸೆರಗು ಬಿಡಾಕಿಲ್ಲ, ಮುಂದಿನ್ ಬಸುರು ನಿಲ್ಲಾಕಿಲ್ಲ” ಎಂದು ಆಣೆ ಹಾಕಿಸಿಕೊಂಡಳು. ನೀನು ಮೊದಲ ವರ್ಷ ದಿನವೂ ಕೇಳಿದೆ. ಆಮೇಲೆ ಹಬ್ಬಕ್ಕೊಮ್ಮೆ ಕೇಳಿದೆ. ಬಿಂದು ಹುಟ್ಟಿದ ಮೇಲೆ ಕೇಳುವುದನ್ನೇ ಬಿಟ್ಟೆ. ನೀನು ಮರೆತೆ ಎಂದು ನಾನು ನಂಬಿಕೊಂಡೆ. ಅದು ನನಗೆ ಅನುಕೂಲವಾಗಿತ್ತು.

ಹೊಲ ಸೈಟಾಯಿತು. ಬದು ರಸ್ತೆಯ ಅಂಚಾಯಿತು. ಅನ್ನಪೂರ್ಣೇಶ್ವರಿ ನಗರದಲ್ಲಿ ಭಜನೆ ಮುಗಿಸಿ ನೀನು ಬಸ್ಸಿಗೆ ಕಾಯುತ್ತಿದ್ದೆಯಲ್ಲ, ಆ ಖಾಲಿ ಸೈಟಿನ ಮೂಲೆಯ ನೆರಳು? ಹದಿನೈದು ವರ್ಷ ನೀನು ನಿಂತದ್ದು ಅವನ ನೆರಳಿನಲ್ಲಿ. ಬಿದ್ದ ಹೂ ಆಯ್ದು ಸೆರಗಿಗೆ ಹಾಕಿಕೊಂಡು ಬರುತ್ತಿದ್ದೆ, ನಾನು ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಇಷ್ಟು ದೊಡ್ಡ ಗಂಟಲು!

ಮಾರ್ಚಿನಲ್ಲಿ ಸೈಟಿನವರು ಮರ ಉರುಳಿಸಿದರು. ಒಂದು ಕಡ್ಡಿಯೂ ಲಾರಿಗೆ ಹೋಗಬಾರದೆಂದು ಎಲ್ಲವನ್ನೂ ತಂದೆ. ಮುನ್ನೂರು ಮನೆಯಲ್ಲಿ ಬೆಳೆಯಲಿ, ನಿನಗೆ ಹೇಳದೆಯೇ ಅವನು ಉಳಿಯಲಿ ಎಂದು ಲೆಕ್ಕ ಹಾಕಿದೆ. ಅವು ಮೊಮ್ಮಗನನ್ನು ಬಯಸುತ್ತಿವೆ ಎಂಬಂತೆ ಮೇಲೆ ಬರೆದೆನಲ್ಲ, ಅದೂ ನನ್ನ ಅಂಜುಬುರುಕುತನ. ಮೊಮ್ಮಗ ಹುಟ್ಟುವ ಮುಂಚೆಯೇ ಅವು ಮೆಟ್ಟಿಲು ಕಾಯುತ್ತಿದ್ದವು. ಅವಕ್ಕೆ ಬೇಕಾದವಳು ನೀನು.

ಬೊಡ್ಡೆ ಇನ್ನೂ ನೆಲದಲ್ಲೇ ಇದೆ. ಪಾಯ ತೆಗೆಯುವ ಮಿಷನ್ನು ಸೋಮವಾರ ಬರುತ್ತದಂತೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕೆಂಗೇರಿಗೆ ಬರುತ್ತೇನೆ, ಬೀಗರ ಮನೆ ಬಾಗಿಲಲ್ಲೇ ನಿನ್ನ ಕಾಲು ಹಿಡಿಯುತ್ತೇನೆ, ಆಮೇಲೆ ನಿನ್ನನ್ನು ಕರೆದುಕೊಂಡು ಹೋಗಿ, ಮಧುವನ್ನು ಎಲ್ಲಿ ಮಲಗಿಸಿದೆನೆಂದು ಬೆರಳಿಟ್ಟು ತೋರಿಸುತ್ತೇನೆ.