ಕನ್ನಡಕದಂಗಡಿಯ ಪಾಸ್‌ವರ್ಡ್

ಪ್ರೀತಿಯ ಅಪ್ಪನಿಗೆ,

ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದವನ್ನು ಅಂಗಡಿಯ ಕೀಬೋರ್ಡಿನ ಕೆಳಗೆ ಇಡುತ್ತಿದ್ದೇನೆ.

ಬೆಳಿಗ್ಗೆ ಕಂಪ್ಯೂಟರ್ ನಿಮ್ಮ ಪಾಸ್‌ವರ್ಡ್ ಒಪ್ಪದಿದ್ದಾಗ, "ನೀನೇ ಏನೋ ಕಿತಾಪತಿ ಮಾಡಿದೀಯ, ಎಂ.ಎ. ಪಂಡಿತೆ!" ಅಂದಿರಿ. ನಾನು ಮುಟ್ಟಿರಲಿಲ್ಲ. ದೊಡ್ಡ ಅಕ್ಷರದ ಕ್ಯಾಪ್ಸ್ ಲಾಕ್ ಗುಂಡಿ ಒತ್ತಿಹೋಗಿತ್ತು. ಕೀಬೋರ್ಡಿನ ಮೂಲೆಯಲ್ಲಿ ಹಸಿರು ದೀಪ ಉರಿಯುತ್ತಿದ್ದರೆ ಆ ಗುಂಡಿಯನ್ನು ಇನ್ನೊಮ್ಮೆ ಒತ್ತಿ, ಸರಿಹೋಗುತ್ತದೆ.

ಬೇರೆ ಊರಿನ ಪ್ರಕಾಶಕರು ಕರಡು ತಿದ್ದುವ ಕೆಲಸಕ್ಕೆ ಕರೆದ ದಿನವೇ ನೀವು ನನ್ನ ಫೋನನ್ನು ಕಪಾಟಿಗೆ ಸೇರಿಸಿ, ಈ ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಹಾಕಿದಿರಿ. ಅಂದಿನಿಂದ ಗಿರಾಕಿಗಳ ಕಣ್ಣಿನ ನಂಬರು ನೋಡಲು ಅದನ್ನು ತೆರೆಯುವಾಗಲೆಲ್ಲ, "ಆ ಕಡೆ ತಿರುಗು" ಅನ್ನುತ್ತೀರಿ. ತಿರುಗುತ್ತೇನೆ. ಆದರೆ ಅಪ್ಪ, ಕನ್ನಡಕದ ಅಂಗಡಿಯಲ್ಲಿ ಯಾವ ಕಡೆ ತಿರುಗಿದರೂ ಕನ್ನಡಿಯೇ. ನೀವು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವುದು ಮೂರು ವಾರದಿಂದ ಕಾಣುತ್ತಿದೆ. ನನ್ನನ್ನು ಮುದ್ದಿಗೆ ಕರೆಯುವ ಹೆಸರು, ಅದರ ಹಿಂದೆ ನಾನು ಹುಟ್ಟಿದ ವರ್ಷ. ಇಷ್ಟು ಸುಲಭದ್ದನ್ನು ಯಾರು ಬೇಕಾದರೂ ಊಹಿಸುತ್ತಾರೆ. ದಯವಿಟ್ಟು ಉದ್ದನೆಯದೊಂದನ್ನು ಇಡಿ.

ಗೊತ್ತಿದ್ದೂ ನಾನು ಒಮ್ಮೆಯೂ ತೆರೆದಿಲ್ಲ. ಕದ್ದು ತೆರೆದರೆ ಮನೆ ಬಿಟ್ಟು ಓಡಿಹೋದ ಹಾಗಾಗುತ್ತದೆ. ಆ ಪ್ರಕಾಶಕರಿಗೆ ಉತ್ತರ ಕಳಿಸಲು ನಾಳೆ ಸಂಜೆ ಐದು ಗಂಟೆಯೇ ಕೊನೆ.

ಅದಕ್ಕೆ ಮುಂಚೆ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನೀವೇ ಕಂಪ್ಯೂಟರ್ ತೆರೆದುಕೊಡಿ. ನಾನು ಬರೆಯುವುದನ್ನು ಪಕ್ಕದಲ್ಲೇ ಕೂತು ಓದಿ. ನೀವು ಪಾಸ್‌ವರ್ಡ್ ಒತ್ತುವಾಗ ಈ ಸಲ ನಿಜವಾಗಿಯೂ ಕಣ್ಣು ಮುಚ್ಚಿಕೊಂಡಿರುತ್ತೇನೆ.

ಇಂತಿ,
ನಿಮ್ಮ ಮಗಳು