ಗೇಟಿನ ಬಳಿ ನಿಂತು ಹೇಳಿದ್ದು

ಶೋರಮ್ ಕಡಲದಂಡೆ
೧೬ ಅಕ್ಟೋಬರ್ ೧೯೩೦

ಪ್ರೀತಿಯ ಆಂಬ್ರೋಸ್‌ಗೆ,

ನಿನ್ನ ಯೋಗಕ್ಷೇಮ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಚಿತ್ರದ ಡಬ್ಬ ಭದ್ರವಾಗಿ ಬಂದಿದೆ. ಪತ್ರ ಬಿಡಿಸಿದ ಕೂಡಲೇ ನೀನು ಹುಡುಕುವುದು ಆ ಸುದ್ದಿಯನ್ನೇ ಎಂದು ನನಗೆ ಗೊತ್ತು. ಒಂಬತ್ತು ವರ್ಷ ಬೇರೆ ಬೇರೆ ಇದ್ದರೂ ಅಷ್ಟು ಮರೆತಿಲ್ಲ.

ನಮ್ಮ ‘ಗೇಟಿನ ಹುಡುಗಿ’ಯ ಪ್ರತಿಗಳನ್ನೆಲ್ಲ ಫಿಲ್ಮಿನೊಳಗಿನ ಬೆಳ್ಳಿಗಾಗಿ ಕರಗಿಸಿಬಿಟ್ಟರು ಎಂದುಕೊಂಡಿದ್ದೆ. ಒಂದು ಉಳಿದಿತ್ತು, ಅದೂ ನಿನ್ನ ಅಕ್ಕನ ಮನೆಯ ಅಟ್ಟದಲ್ಲಿ, ಎಂದರೆ ನಂಬಲಾಗಲಿಲ್ಲ. ಅದನ್ನೇ ಮಾತಿನ ಚಿತ್ರವಾಗಿ ಮತ್ತೆ ತೆಗೆಯಬೇಕೆಂದಿದ್ದೀಯ. ಹುಡುಗಿಯ ಪಾತ್ರಕ್ಕೆ ಯಾರೋ ಹೊಸಬಳು, ನಾನು ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿ. ನನ್ನ ಉಚ್ಚಾರ ತಿದ್ದುವುದಕ್ಕೆ ಒಬ್ಬ ಮಾಸ್ತರನ್ನೂ ಗೊತ್ತುಮಾಡಿದ್ದೀಯ. ಇದಕ್ಕೆ ನನ್ನ ಉತ್ತರ ಕೊನೆಗೆ ಬರುತ್ತದೆ, ಸ್ವಲ್ಪ ತಾಳು.

ನಿನ್ನ ಪ್ರಚಾರದವರು ಬರೆದ ನನ್ನ ಜೀವನಚರಿತ್ರೆಯನ್ನೂ ಓದಿದೆ. ನಾನು ಪಾದ್ರಿಯ ಮಗಳಂತೆ, ಗುಲಾಬಿ ತೋಟದ ಮನೆಯಲ್ಲಿ ಬೆಳೆದವಳಂತೆ. ಈ ವಯಸ್ಸಿನಲ್ಲಾದರೂ ನಿಜ ಹಾಕಿಸು. ನನ್ನಪ್ಪ ಹೋವ್ ದಂಡೆಯಲ್ಲಿ ಕುದುರೆ ಕಟ್ಟಿ, ಹೆಂಗಸರು ಒಳಗೇ ಬಟ್ಟೆ ಬದಲಿಸುವ ಸ್ನಾನದ ಗಾಡಿಗಳನ್ನು ನೀರಿಗಿಳಿಸುತ್ತಿದ್ದವನು. ದೊಡ್ಡ ಮನೆಯ ಹೆಂಗಸರ ಒದ್ದೆ ಈಜುಡುಗೆ ಹಿಂಡಿ ಹರವುವುದು ನನ್ನ ಕೆಲಸ. ನೀನು ಕ್ಯಾಮೆರಾ ಹೊತ್ತು ಬಂದ ದಿನ, ನೀರಿಗೆ ಬೀಳಬೇಕಾಗಿದ್ದ ನಾಟಕದಾಕೆ ಅಲೆ ನೋಡಿದ್ದೇ ತಡ, ಹಿಂದೆ ಸರಿದಳು. ನೀನು ನನ್ನ ಕಡೆ ತಿರುಗಿ, “ಏ ಹುಡುಗಿ, ಈಜು ಬರುತ್ತಾ?” ಎಂದೆ. “ಬರುತ್ತೆ. ಆದ್ರೆ ನನ್ ಬಟ್ಟೆ ಒಣಗಿಸೋರು ಯಾರು?” ಎಂದು ಕೇಳಿದೆ. ಹಾಗೆ ಹೆಸ್ಟರ್ ಗ್ಯಾಡ್ ಹೋಗಿ ಪರದೆಯ ಮೇಲೆ ರೋಸಲಿಂಡ್ ಮೇ ಬಂದಳು. ಆಮೇಲಿನ ಮೂರು ವರ್ಷ ನಾನು ಬೀಳದ ನೀರಿಲ್ಲ. ಕಡಲು, ಕಾಲುವೆ, ಗಿರಣಿ ಹೊಂಡ. ಒಮ್ಮೆ ಜನವರಿಯಲ್ಲಿ ಮೇಲಿನ ಮಂಜುಗಡ್ಡೆ ಒಡೆದು ನನ್ನನ್ನು ಬೀಳಿಸಿದೆ. ಅಪ್ಪ ಹೇಳುತ್ತಿದ್ದ, “ನಮ್ ಮನೇಲಿ ಎಲ್ರೂ ಜನಾನ ನೀರಿಂದ ಮೇಲೆತ್ತಿ ಹೊಟ್ಟೆ ಹೊರ್ದ್ರು. ಇವ್ಳೊಬ್ಳು ಮುಳುಗೀನೇ ಸಂಪಾದಿಸ್ತಾಳೆ” ಎಂದು.

ಅದನ್ನು ಹಾಕಿಸು. ಜನ ನಗುತ್ತಾರೆ, ನನಗೂ ಸಂತೋಷ.

ಈಗ ಮುಖ್ಯವಾದ ವಿಷಯ. ಡಬ್ಬವನ್ನು ಇಟ್ಟುಕೊಂಡು ನಾನು ಏನು ಮಾಡಿದೆ ಎಂದು ನಿನಗೆ ತಿಳಿಯಬೇಕು.

ನಾನು ಇಲ್ಲಿ ಹಳೆಯ ರೈಲು ಬೋಗಿಯ ಮನೆಯಲ್ಲಿ ಚಹಾದಂಗಡಿ ಇಟ್ಟಿರುವುದು ನಿನಗೆ ಗೊತ್ತೇ ಇದೆ. ಈ ಆಗಸ್ಟಿನಲ್ಲಿ, ಉತ್ತರದ ಗಿರಣಿಗಳು ರಜೆಗೆಂದು ಬಾಗಿಲು ಹಾಕುವ ವಾರ, ಕಪ್ಪು ಟೋಪಿಯ ಮುದುಕಿಯೊಬ್ಬರು ಒಂಟಿಯಾಗಿ ಬಂದು ಕೂತರು. ಹೆಸರು ಮಿಸೆಸ್ ಕ್ಲೆಗ್. ಲ್ಯಾಂಕಾಶೈರಿನವರು. ಹದಿಮೂರನೇ ವಯಸ್ಸಿನಿಂದ ಮಗ್ಗದ ಮುಂದೆ ನಿಂತವರು. ಚಹಾ ಒಂದು ಗುಟುಕು ಕುಡಿದು, “ಬಣ್ಣ ಚೆನ್ನಾಗೈತೆ ತಾಯಿ. ಇನ್ನು ಇದ್ರೊಳಗೆ ಒಂದಿಷ್ಟು ಚಾ ಪುಡಿ ಹಾಕಿದ್ರೆ ಆಯ್ತು” ಎಂದರು. ನಾನು ಬೆನ್ನು ತಿರುಗಿಸಿಕೊಂಡು ಏನೋ ಗೊಣಗಿದೆ. ಅವರು ಬೋಗಿಯ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿದವರೇ, “ನಾನು ಮುದಿ ಕತ್ತೆ ಅನ್ನೋದು ನಿಜಾನೇ. ಆದ್ರೂ ಚಾ ನೀರಾಗೈತೆ” ಎಂದರು.

ಅವರಿಗೆ ಕಿವಿ ಹೆಚ್ಚು ಕೇಳದು. ಮಗ್ಗದ ಸದ್ದಿನಲ್ಲಿ ದುಡಿಯುವ ಹೆಂಗಸರೆಲ್ಲ ಹಾಗೆಯೇ ಅಂತೆ. ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತಾಡುವುದು. ಇಡೀ ಶೆಡ್ಡಿನ ಆಚೆ ತುದಿಯವಳ ಜೊತೆ ಮದುವೆ ಮಾತುಕತೆ ಮುಗಿಸಬಲ್ಲರು, ಗಂಟಲಿಂದ ಒಂದು ಸ್ವರ ಹೊರಡಿಸದೆ. ನಾನು ನಾಚಿ ಇನ್ನೊಂದು ಪಾತ್ರೆ ಚಹಾ ಮಾಡಿ ತಂದೆ. ಆಗ ಅವರು ನನ್ನನ್ನೇ ದಿಟ್ಟಿಸಿ, “ನೀನು ಆ ಸಿನಿಮಾದೋಳು ಅಲ್ವಾ?” ಎಂದರು.

ನಾನು ಚಹಾ ಪಾತ್ರೆ ಕೆಳಗಿಟ್ಟೆ. ಯುದ್ಧದ ದಿನಗಳಲ್ಲಿ, ನಮ್ಮ ಚಿತ್ರ ನೋಡಿ ಸೇನೆಗೆ ಸೇರಿ ಸತ್ತ ಹುಡುಗರ ತಾಯಂದಿರು ಆ ಪ್ರಶ್ನೆ ಕೇಳುವಾಗ ಹೇಗಿರುತ್ತಿದ್ದರು ಎಂದು ನಿನಗೆ ನೆನಪಿರಬೇಕು. ಲೀಡ್ಸಿನಲ್ಲಿ ಒಬ್ಬಾಕೆ ನನ್ನ ಕೋಟಿನ ಗುಂಡಿ ಹಿಡಿದು, ಬಿಡದೆ ನಿಂತಿದ್ದಳು. ಅಂದು ಹೋಟೆಲಿಗೆ ಬಂದು, ಇನ್ನು ಈ ಚಿತ್ರದ ಜೊತೆ ಊರೂರು ತಿರುಗುವುದಿಲ್ಲ ಎಂದೆ. ನೀನು, “ಅದು ಬರೀ ಸಿನಿಮಾ ಹೆಸ್ಟರ್” ಎಂದೆ. ಬೇರೆಯಾಗುವುದಕ್ಕೆ ಆಮೇಲೂ ಐದು ವರ್ಷ ಹಿಡಿಯಿತು, ಆದರೆ ನನ್ನ ಮಟ್ಟಿಗೆ ಬಿರುಕು ಬಿಟ್ಟಿದ್ದು ಅಲ್ಲಿ.

ಮಿಸೆಸ್ ಕ್ಲೆಗ್ ಗುಂಡಿ ಹಿಡಿಯಲಿಲ್ಲ. ಅವರ ಮಗ ವಿಲ್ಫ್ ಸೇನೆಗೆ ಸೇರಿದ್ದು ನಮ್ಮ ಚಿತ್ರ ನೋಡಿ ಅಲ್ಲ. ಚಿತ್ರ ಬರುವ ಮೊದಲೇ ಸೇರಿ, ಇಲ್ಲೇ ಶೋರಮ್ ಶಿಬಿರದಲ್ಲಿ ಗುಡಾರದಲ್ಲಿದ್ದವನು. ನಿನಗೆ ಮೆರವಣಿಗೆ ಬೇಕೆಂದು ಶಿಬಿರದ ಕರ್ನಲರನ್ನು ಕೇಳಿ ಒಂದು ದಂಡು ಹುಡುಗರನ್ನು ಎರವಲು ತಂದಿದ್ದೆಯಲ್ಲ, ಅವರಲ್ಲೊಬ್ಬ. ಖಾಕಿ ಇನ್ನೂ ಬಂದಿರಲಿಲ್ಲ. ಅಂಚೆಯವರ ಹಾಗೆ ನೀಲಿ ಬಟ್ಟೆ, ಕೈಯಲ್ಲಿ ಮರದ ಬಂದೂಕು. ಬಂದೂಕಿಗೆ ದಟ್ಟವಾಗಿ ಬಣ್ಣ ಬಳಿದಿದ್ದರಿಂದ ಪರದೆಯ ಮೇಲೆ ಯಾರಿಗೂ ಗೊತ್ತಾಗಲಿಲ್ಲ.

“ಅಮ್ಮ, ನಾನು ಸಿನಿಮಾದಾಗೆ ಬತ್ತೀನಿ, ತಪ್ಪದೆ ನೋಡು ಅಂತ ಕಾರ್ಡು ಬರ್ದಿದ್ದ” ಎಂದರು ಮಿಸೆಸ್ ಕ್ಲೆಗ್. “ನಾನು ಪ್ರಾರ್ಥನಾ ಮಂದಿರದೋಳು. ಸಿನಿಮಾ ಅಂದ್ರೆ ಸೈತಾನನ ಮನೆ ಅಂತ ಇದ್ದೋಳು. ಆ ವಿಷ್ಯಕ್ಕೆ ನಮ್ಮಿಬ್ರಿಗೂ ದಿನಾ ಜಗ್ಳ. ನಮ್ಮೂರಿಗೆ ಚಿತ್ರ ಬಂತು, ಒಂದು ವಾರ ಆಡ್ತು. ನಾನು ಆ ಬೀದೀಲೇ ಹೋಗ್ಲಿಲ್ಲ.”

೧೯೧೫ರ ಸೆಪ್ಟೆಂಬರಿನಲ್ಲಿ ವಿಲ್ಫ್ ಫ್ರಾನ್ಸಿನಲ್ಲಿ, ಲೂಸ್ ಎಂಬಲ್ಲಿನ ಕಾಳಗದಲ್ಲಿ ಹೋದ. ದೇಹ ಸಿಗಲಿಲ್ಲ. ಅವನು ಬೆಳೆದ ಮೇಲೆ ತೆಗೆಸಿದ ಒಂದು ಫೋಟೋ ಕೂಡ ಇರಲಿಲ್ಲ. ಆಮೇಲೆ ಈ ತಾಯಿ ಸೈತಾನನ ಮನೆಗಳ ಬಾಗಿಲು ಒಂದೊಂದಾಗಿ ತಟ್ಟಿದ್ದಾರೆ, ಆ ಚಿತ್ರ ಇನ್ನೊಮ್ಮೆ ಯಾವಾಗ ಬರುತ್ತದೆ ಎಂದು ಕೇಳಿಕೊಂಡು. ಯಾರ ಬಳಿಯೂ ಇರಲಿಲ್ಲ. ಈ ಸಲ, ಕೊನೇ ಪಕ್ಷ ಅವನು ನಡೆದ ರಸ್ತೆ ನೋಡೋಣ ಎಂದು ಇಲ್ಲಿಗೆ ಬಂದಿದ್ದರು. ನಾನು ಕರೆದುಕೊಂಡು ಹೋಗಿ ತೋರಿಸಿದೆ. ಗೇಟು ಈಗಿಲ್ಲ. ನಮ್ಮ ಗಾಜಿನ ಸ್ಟುಡಿಯೋ ಕೂಡ ಸುಟ್ಟ ಚೌಕಟ್ಟು ಮಾತ್ರ. ಅವರು ರಸ್ತೆಯ ಮೇಲೆ ಸ್ವಲ್ಪ ದೂರ ನಡೆದು ಹೋಗಿ, ಹಿಂದಿರುಗಿ ಬಂದರು.

ಅಂಥ ಸಮಯದಲ್ಲಿ ನಿನ್ನ ಡಬ್ಬ ಬಂತು, ಆಂಬ್ರೋಸ್. ನಾನು ಏನು ಮಾಡಬೇಕಿತ್ತು, ಹೇಳು. ಅಂದೇ ಮಿಸೆಸ್ ಕ್ಲೆಗ್‌ಗೆ ಬರಹೇಳಿ ತಂತಿ ಕಳಿಸಿದೆ.

ಕಳೆದ ಶನಿವಾರ ಬೆಳಿಗ್ಗೆ, ಆಟ ಶುರುವಾಗುವುದಕ್ಕೆ ಮುಂಚೆ, ಊರಿನ ಚಿತ್ರಮಂದಿರವನ್ನು ನಮಗಾಗಿ ತೆರೆಸಿದೆ. ಯಂತ್ರ ನಡೆಸುವವನು ನಮ್ಮ ಜೆಮ್ ಪೆಲ್ಲಿಂಗನೇ, ಆಗ ನಿನ್ನ ಕ್ಯಾಮೆರಾ ಹೊರುತ್ತಿದ್ದವನು. ಮುಂದಿನ ತಿಂಗಳು ಅಲ್ಲೂ ಮಾತಿನ ಯಂತ್ರ ಕೂರಿಸುತ್ತಾರಂತೆ. ಹಳೆಯ ಕೈ ತಿರುಗಿಸುವ ಯಂತ್ರ ಮೂಲೆ ಸೇರಿತ್ತು, ಅದನ್ನು ಒರೆಸಿ ಹೊರಗಿಟ್ಟ. ಪಿಯಾನೋ ಇಲ್ಲ, ಬೆಳಕು ಇಲ್ಲ, ನಾವು ಇಬ್ಬರು ಹೆಂಗಸರು. ಮಿಸೆಸ್ ಕ್ಲೆಗ್ ಟೋಪಿ ತೆಗೆಯಲಿಲ್ಲ. ಕೈಯಲ್ಲಿ ಪ್ರಾರ್ಥನಾ ಪುಸ್ತಕ.

ಮೊದಲ ಸಲ ಅವರಿಗೆ ಮಗ ಸಿಗಲಿಲ್ಲ. ಮೆರವಣಿಗೆ ಬಂತು, ಹೋಯಿತು. “ಎಲ್ಲ ಒಂದೇ ಥರ ಅವ್ರೆ” ಎಂದರು, ಅಷ್ಟೇ. ಅವರ ಮುಖ ನೋಡಲಾರದೆ ನಾನು ಪರದೆ ನೋಡುತ್ತ ಕೂತೆ. ಜೆಮ್ ಮೇಲಿಂದ, “ಇರಿ, ನಿಧಾನಕ್ಕೆ ತಿರುಗಿಸ್ತೀನಿ” ಎಂದು ಸುರುಳಿ ಹಿಂದಕ್ಕೆ ಸುತ್ತಿದ.

ಎರಡನೇ ಸಲ ಹುಡುಗರು ನೀರಿನಲ್ಲಿ ನಡೆದ ಹಾಗೆ ಬಂದರು. ಮಿಸೆಸ್ ಕ್ಲೆಗ್ ಬೆರಳು ಎತ್ತಿ ಒಬ್ಬೊಬ್ಬನನ್ನೂ ದಾಟಿಸಿದರು. “ಇವ್ನಲ್ಲ. ಇವ್ನಲ್ಲ. ಇವ್ನಲ್ಲ.” ಆಮೇಲೆ ಒಬ್ಬ ಹುಡುಗ ಗೇಟಿನ ಕಡೆ, ನನ್ನ ಕಡೆ ತಿರುಗಿ ನೋಡುತ್ತ ಹೆಜ್ಜೆ ತಪ್ಪಿದ. ಹಿಂದಿನವನು ಅವನ ಹಿಮ್ಮಡಿ ತುಳಿದ. ಅವನು ಹೊರಳಿ ಏನೋ ಬೈದ, ನಕ್ಕ, ಮತ್ತೆ ಸಾಲಿಗೆ ಸೇರಿಕೊಂಡ.

ಮಿಸೆಸ್ ಕ್ಲೆಗ್ ಎದ್ದು ನಿಂತರು. ಅವರಿಗೆ ಬೇಕಾಗಿದ್ದು ಮುಖ ಎಂದುಕೊಂಡಿದ್ದೆ. ಅವರು ಓದುತ್ತಿದ್ದುದು ತುಟಿ. “ಮೆತ್ತಗೆ ತುಳಿಯೋ, ಅದು ನಮ್ಮಮ್ಮ ಹೆಣೆದ ಕಾಲ್ಚೀಲ, ಅಂದ” ಎಂದು ನನಗೆ ಹೇಳಿದರು. ಹೇಳುವಾಗ ಅವರ ಸ್ವರವೇ ಬೇರೆಯಾಗಿತ್ತು, ಹುಡುಗನ ಥರ. ಆಮೇಲೆ ಅಳುತ್ತ, ನಗುತ್ತ, “ಅಯ್ಯೋ ಮುಂಡೇದೆ. ಅಷ್ಟು ದೊಡ್ಡ ಕೆಲ್ಸಕ್ಕೆ ಹೋಗೋವಾಗ ಕಾಲ್ಚೀಲದ ಚಿಂತೆ” ಎಂದರು.

ಜೆಮ್ ಕೇಳದೆಯೇ ಮತ್ತೆ ಹಿಂದಕ್ಕೆ ಸುತ್ತಿದ. ಎಷ್ಟು ಸಲ ನೋಡಿದೆವೋ ಲೆಕ್ಕವಿಡಲಿಲ್ಲ. ಹದಿನೈದು ವರ್ಷದ ಹಿಂದೆ ಕಿವಿಗೆ ಬಿದ್ದು ನಿಂತುಹೋದ ಸ್ವರ ಆ ಮಂದಿರದಲ್ಲಿ ಅವರಿಗೊಬ್ಬರಿಗೆ ಕೇಳುತ್ತಿತ್ತು. ಪತ್ರಿಕೆಯವರು ಮೂಕಿ ಚಿತ್ರ ಎಂದು ಹಗುರವಾಗಿ ಬರೆದಾಗಲೆಲ್ಲ ಇನ್ನು ನನಗೆ ಸಿಟ್ಟು ಬರುತ್ತದೆ.

ವಿಲ್ಫ್ ನಗುವ ಜಾಗದಲ್ಲಿ ಜೆಮ್ ಫಿಲ್ಮಿನ ಕೆಲವು ಚೌಕಗಳನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಅಂಟಿಸಿದ್ದಾನೆ. ಬ್ರೈಟನ್ನಿನ ಫೋಟೋದವನ ಕೈಲಿ ದೊಡ್ಡದು ಮಾಡಿಸಿ ಮಿಸೆಸ್ ಕ್ಲೆಗ್‌ಗೆ ಕಳಿಸಿದ್ದೇವೆ. ಚಿತ್ರ ಅಲ್ಲಿ ಒಂದಿಷ್ಟು ಜಿಗಿಯುತ್ತದೆ. ಹಣ ಹಾಕುವ ದೊಡ್ಡ ಮನುಷ್ಯರಿಗೆ ತೋರಿಸುವಾಗ ಅವರು ಕೇಳಿದರೆ ಹೇಳು, ಆ ಜಾಗದಲ್ಲಿ ಒಬ್ಬ ಹುಡುಗ ಮನೆಗೆ ಹೋದ ಎಂದು.

ನಿನ್ನ ಪ್ರಶ್ನೆಗೆ ಉತ್ತರ. ಮಗನನ್ನು ನಗುನಗುತ್ತ ಕಳಿಸುವ ತಾಯಿಯ ಪಾತ್ರ ನಾನು ಮಾಡುವುದಿಲ್ಲ. ನೀನು ಬರೆಸಿದ ಮಾತುಗಳನ್ನು ಗಟ್ಟಿಯಾಗಿ ಓದಿ ನೋಡಿದೆ, ಯಾವ ಮಾಸ್ತರ ಉಚ್ಚಾರದಲ್ಲೂ ಅವು ನನ್ನ ಬಾಯಿಂದ ಹೊರಡವು. ಮಗನ ಜೊತೆ ಸಿನಿಮಾದ ವಿಷಯಕ್ಕೆ ಜಗಳವಾಡುವ ನೇಕಾರ ಹೆಂಗಸಿನ ಕಥೆ ಬರೆದರೆ ನನ್ನ ಹೋವ್ ದಂಡೆಯ ಮಾತಿನಲ್ಲೇ ಬಂದು ಆಡುತ್ತೇನೆ. ಬರೆಯಲು ನಿನಗೆ ಬರುತ್ತದೆ. ನೀನು ಕೆಟ್ಟ ನಿರ್ದೇಶಕ ಎಂದು ನಾನು ಯಾವತ್ತೂ ಹೇಳಿಲ್ಲ. ನೀನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಬದುಕಿನ ದೊಡ್ಡ ಸುಖವಾಗಿತ್ತು. ಇದನ್ನೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಕೆಮ್ಮು ಹೇಗಿದೆ? ಲಂಡನ್ನಿನ ಮಂಜಿನಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಳ್ಳದೆ ತಿರುಗಬೇಡ. ಡಬ್ಬವನ್ನು ರೈಲಿಗೆ ಹಾಕುವುದಿಲ್ಲ, ನೀನೇ ಬಂದು ತೆಗೆದುಕೊಂಡು ಹೋಗು. ಚಹಾ ಈಗ ಗಟ್ಟಿಯಾಗಿಯೇ ಮಾಡುತ್ತೇನೆ.

ಇನ್ನೂ ನಿನ್ನ ಹೆಸರಿನಲ್ಲೇ ಸಹಿ ಹಾಕುವ,
ಹೆಸ್ಟರ್

ಮರೆತಿದ್ದು ಎಂದು ಸೇರಿಸುತ್ತಿಲ್ಲ, ಬರೆಯಲೋ ಬೇಡವೋ ಎಂದು ಎರಡು ದಿನ ಪತ್ರ ಮುಚ್ಚದೆ ಇಟ್ಟಿದ್ದೆ. ಗೇಟಿನ ಬಳಿ ನಾನು ಮಾತಾಡುವ ಹತ್ತಿರದ ದೃಶ್ಯ ಇದೆಯಲ್ಲ, ಆಮೇಲೆ ನೀನು “ಹೋಗಿ ಬಾ, ಕಾಯುತ್ತೇನೆ” ಎಂಬ ಬರಹ ಹಾಕಿಸಿದ್ದು. ಅಂದು ನೀನು ಕ್ಯಾಮೆರಾದ ಪಕ್ಕ ನಿಂತು, “ಏನಾದರೂ ಹೇಳು ಹೆಸ್ಟರ್, ಯಾರಿಗೂ ಕೇಳಿಸೋದಿಲ್ಲ” ಎಂದೆ. ನಾನು ನಿನ್ನನ್ನೇ ನೋಡುತ್ತ ಹೇಳಿದೆ. ನೀನು ಬೆಳಕು ಹೋಗುತ್ತದೆ ಎಂದು ಆಕಾಶ ನೋಡುತ್ತಿದ್ದೆ. ಸಂಜೆ ಸರಿಯಾಗಿ ಹೇಳೋಣ ಎಂದುಕೊಂಡೆ, ಅಷ್ಟರಲ್ಲಿ ನೀನು ಸುರುಳಿ ಹಿಡಿದು ಲಂಡನ್ ರೈಲು ಹತ್ತಿದ್ದೆ. ಆಮೇಲೆ ಚಿತ್ರದ ಗಡಿಬಿಡಿ. ಹೊಸ ವರ್ಷದ ವಾರ ಪ್ರೆಸ್ಟನ್ನಿನ ಹೋಟೆಲಿನಿಂದ ಜ್ವರ ಬಂದು ಮಲಗಿದ್ದೇನೆ ಎಂದು ನಿನಗೆ ಬರೆದಿದ್ದೆ. ಅದು ಜ್ವರವಲ್ಲ. ಆಮೇಲೆ ಹೇಳಲು ಏನೂ ಉಳಿದಿರಲಿಲ್ಲ. ಶನಿವಾರ ಚಿತ್ರಮಂದಿರದ ಮೆಟ್ಟಿಲಿಳಿಯುವಾಗ ಮಿಸೆಸ್ ಕ್ಲೆಗ್ ನನ್ನ ಕೈ ಹಿಡಿದು ಕೇಳಿದರು, “ನಿನ್ ಮಗು ಏನಾಯ್ತು ತಾಯಿ?”